ಎಳೆಯ ಮಕ್ಕಳೊಂದಿಗೆ ಒಂದು ದಿನದ ಉದ್ಯಾನ ಪ್ರವಾಸ: ಹರಿಹರದಿಂದ ಗೊಟಗೋಡಿಗೆ

ದಸರಾ ಹಾಗೂ ಬೇಸಿಗೆ ರಜೆಯ ಅವಧಿಯಲ್ಲಿ ಹರಿಹರ ಮತ್ತು ದಾವಣಗೆರೆಯ ಕುಟುಂಬಗಳು ಮಕ್ಕಳೊಂದಿಗೆ ಒಂದು ದಿನದ ಪ್ರವಾಸ ಕೈಗೊಳ್ಳುವುದು ವಾಡಿಕೆಯಾಗಿದೆ. ಇಂತಹ ಪ್ರವಾಸಗಳಲ್ಲಿ ಥೀಮ್ ಪಾರ್ಕ್‌ಗಳಿಗೆ, ಅಂದರೆ ಯಾವುದಾದರೂ ಒಂದು ವಿಷಯವನ್ನು ಆಧಾರವಾಗಿಟ್ಟುಕೊಂಡು ರೂಪಿಸಿದ ಉದ್ಯಾನಗಳಿಗೆ, ಹೆಚ್ಚಿನ ಬೇಡಿಕೆ ಇರುತ್ತದೆ. ಆದರೆ ಬಹುಪಾಲು ಕುಟುಂಬಗಳು ಪ್ರವಾಸದ ಯೋಜನೆಯನ್ನು ದೊಡ್ಡವರ ಅನುಕೂಲಕ್ಕೆ ತಕ್ಕಂತೆ ಸಿದ್ಧಪಡಿಸಿ, ಮಕ್ಕಳನ್ನು ಅದಕ್ಕೆ ಹೊಂದಿಸಲು ಯತ್ನಿಸುತ್ತವೆ. ಮಧ್ಯಾಹ್ನದ ಹೊತ್ತಿಗೆ ಮಗು ಅಳತೊಡಗಿದಾಗ, ವಾಂತಿ ಮಾಡಿಕೊಂಡಾಗ ಅಥವಾ ಜನಸಂದಣಿಯಲ್ಲಿ ಕಣ್ಮರೆಯಾದಾಗ ಈ ಕ್ರಮದ ದೋಷ ತಿಳಿದುಬರುತ್ತದೆ. ಒಂದು ದಿನದ ಕೂಲಿ ಅಥವಾ ರಜೆಯನ್ನು ಬಿಟ್ಟು, ತಿಂಗಳುಗಟ್ಟಲೆ ಉಳಿಸಿದ ಹಣದಲ್ಲಿ ಹೊರಡುವ ಕುಟುಂಬಕ್ಕೆ ಇದು ಸಣ್ಣ ನಷ್ಟವಲ್ಲ.

ಆರು ವರ್ಷದೊಳಗಿನ ಮಗುವಿನ ದಿನವು ನಿದ್ರೆ, ಹಸಿವು, ಮೂತ್ರ ವಿಸರ್ಜನೆ ಮತ್ತು ನಡೆಯುವ ಶಕ್ತಿ ಎಂಬ ನಾಲ್ಕು ಅಂಶಗಳ ಮೇಲೆ ನಿಂತಿರುತ್ತದೆ. ಪ್ರವಾಸದ ಸ್ಥಳ, ಹೊರಡುವ ವೇಳೆ ಮತ್ತು ಹಿಂದಿರುಗುವ ವೇಳೆ ಈ ನಾಲ್ಕರಿಂದಲೇ ನಿರ್ಧಾರವಾಗತಕ್ಕದ್ದು. ಈ ದೃಷ್ಟಿಯಿಂದ ಹರಿಹರದ ಪೋಷಕರಿಗೆ ಉಪಯುಕ್ತವಾಗಬಹುದಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಸ್ಥಳದ ಆಯ್ಕೆ

ಥೀಮ್ ಪಾರ್ಕ್ ಎಂದೊಡನೆ ಅನೇಕರಿಗೆ ನೆನಪಾಗುವುದು ಬೆಂಗಳೂರಿನ ಆಚೆ ಬಿಡದಿಯಲ್ಲಿ 2005ರಲ್ಲಿ ಆರಂಭವಾದ ವಂಡರ್‌ಲಾ. ಹರಿಹರದಿಂದ ಅಲ್ಲಿಗೆ ಸುಮಾರು 300 ಕಿ.ಮೀ. ದೂರವಿದೆ. ಹೋಗಿಬರುವ ಪ್ರಯಾಣಕ್ಕೇ ಹತ್ತರಿಂದ ಹನ್ನೆರಡು ಗಂಟೆ ಬೇಕಾಗುವುದರಿಂದ, ರಾತ್ರಿ ಎರಡು ಗಂಟೆಗೆ ಎದ್ದು ಹೊರಟು ಮರುದಿನ ಬೆಳಗಿನ ಜಾವ ಮನೆ ಸೇರುವ ಪ್ರವಾಸಕ್ಕೆ ‘ಒಂದು ದಿನ’ ಎಂಬ ಹೆಸರು ಲೆಕ್ಕಕ್ಕಷ್ಟೇ ಸರಿ. ಅಲ್ಲದೆ ಅಲ್ಲಿನ ಪ್ರವೇಶ ದರ ಹಾಗೂ ಆಟಗಳ ಅನುಮತಿ ಮಗುವಿನ ವಯಸ್ಸಿಗಿಂತ ಎತ್ತರವನ್ನು ಅವಲಂಬಿಸಿದೆ. ವೇಗದ ಆಟಗಳಿಗೆ ಕನಿಷ್ಠ ಎತ್ತರವನ್ನು ನಿಗದಿಪಡಿಸಿರುವುದು ಸುರಕ್ಷತೆಯ ಕಾರಣಕ್ಕಾಗಿ. ಸೊಂಟದ ಪಟ್ಟಿ ಮತ್ತು ಭುಜದ ತಡೆ ದೊಡ್ಡವರ ಮೈಕಟ್ಟಿಗೆ ತಯಾರಾಗಿದ್ದು, ಸಣ್ಣ ದೇಹ ಅದರ ಕೆಳಗೆ ಜಾರಿಹೋಗುವ ಸಂಭವವಿರುತ್ತದೆ. ಆದಕಾರಣ ನಾಲ್ಕು ವರ್ಷದ ಮಗುವಿಗೆ ಅಲ್ಲಿನ ಪ್ರಮುಖ ಆಟಗಳು ದೊರೆಯುವುದಿಲ್ಲ. ಅಣ್ಣ ಮೇಲೆ ಸುತ್ತುತ್ತಿರುವಾಗ ತಂಗಿ ಕೆಳಗೆ ನಿಂತು ಅಳುವ ದೃಶ್ಯ ಇಂತಹ ಸ್ಥಳಗಳಲ್ಲಿ ಅಪರೂಪವಲ್ಲ. ಮಕ್ಕಳು ಎಂಟು ಹತ್ತು ವರ್ಷದವರಾದ ಮೇಲೆ, ಒಂದು ರಾತ್ರಿ ತಂಗುವ ಏರ್ಪಾಡಿನೊಂದಿಗೆ ಬಿಡದಿಗೆ ಹೋಗುವುದು ಸೂಕ್ತ.

ಎಳೆಯ ಮಕ್ಕಳಿಗೆ ಹರಿಹರದಿಂದ ಎಟುಕುವ ಅಂತರದಲ್ಲಿರುವುದು ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್. ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿಗೆ ಹೊಂದಿಕೊಂಡಂತಿರುವ ಈ ಉದ್ಯಾನ ಹರಿಹರದಿಂದ ಸುಮಾರು 100 ಕಿ.ಮೀ. ದೂರದಲ್ಲಿದ್ದು, ಸ್ವಂತ ವಾಹನದಲ್ಲಿ ಎರಡು ಗಂಟೆಯ ದಾರಿ. ಮಕ್ಕಳಿಗಾಗಿ ನಡುವೆ ನಿಲ್ಲಿಸುವ ವೇಳೆಯನ್ನು ಸೇರಿಸಿದರೆ ಎರಡೂವರೆ ಗಂಟೆ ಎಂದು ಲೆಕ್ಕ ಹಾಕುವುದು ವಾಸ್ತವಕ್ಕೆ ಹತ್ತಿರ.

ಎರಡು ವರ್ಷದೊಳಗಿನ ಮಗು ಮಾತ್ರ ಇರುವ ಕುಟುಂಬಕ್ಕೆ ಈ ದೂರವೂ ಅಗತ್ಯವಿಲ್ಲ. ದಾವಣಗೆರೆಯ ಗಾಜಿನ ಮನೆ ಅಥವಾ ಆನಗೋಡಿನ ಇಂದಿರಾ ಪ್ರಿಯದರ್ಶಿನಿ ಕಿರು ಮೃಗಾಲಯ ಆ ವಯಸ್ಸಿಗೆ ಧಾರಾಳವಾಗಿ ಸಾಕು. ಹಿರಿಯ ಮಕ್ಕಳಿರುವವರಿಗೂ ಈ ಎರಡು ಸ್ಥಳಗಳಿಂದ ಒಂದು ಉಪಯೋಗವಿದೆ. ದೂರದ ಪ್ರವಾಸಕ್ಕೆ ಹದಿನೈದು ದಿನ ಮುಂಚೆ ಅರ್ಧ ದಿನದ ಮಟ್ಟಿಗೆ ಇಲ್ಲಿಗೆ ಹೋಗಿಬಂದರೆ, ಮಗು ಎಷ್ಟು ಹೊತ್ತು ನಡೆಯುತ್ತದೆ, ಎಷ್ಟು ಹೊತ್ತಿಗೆ ಎತ್ತಿಕೊಳ್ಳುವಂತೆ ಕೇಳುತ್ತದೆ, ಅಪರಿಚಿತ ಶೌಚಾಲಯವನ್ನು ಬಳಸಲು ಒಪ್ಪುತ್ತದೆಯೇ ಎಂಬುದು ಗೊತ್ತಾಗುತ್ತದೆ. ಕೊನೆಯದು ಕ್ಷುಲ್ಲಕವಾಗಿ ತೋರಬಹುದಾದರೂ, ಇಡೀ ದಿನ ಮೂತ್ರ ತಡೆದುಕೊಳ್ಳುವ ಮಗುವಿಗೆ ಆಗುವ ಹಿಂಸೆಯನ್ನು ತಾಯಂದಿರು ಬಲ್ಲರು.

ಗೊಟಗೋಡಿಯ ಉದ್ಯಾನ

ರಾಕ್ ಗಾರ್ಡನ್ ಎಂಬ ಹೆಸರಿನಿಂದ ಇದನ್ನು ಬಂಡೆಗಳ ತೋಟವೆಂದಾಗಲಿ, ತ್ಯಾಜ್ಯ ವಸ್ತುಗಳಿಂದ ನಿರ್ಮಿತವಾದ ಚಂಡೀಗಢದ ರಾಕ್ ಗಾರ್ಡನ್‌ನಂತಹದೆಂದಾಗಲಿ ಭಾವಿಸಬಾರದು. ಕಲಾವಿದ ದಿವಂಗತ ಟಿ.ಬಿ. ಸೊಲಬಕ್ಕನವರ ಪರಿಕಲ್ಪನೆಯಲ್ಲಿ ರೂಪುಗೊಂಡ ಈ ಉದ್ಯಾನದ ವಿಷಯ ಉತ್ತರ ಕರ್ನಾಟಕದ ಹಳ್ಳಿಯ ಬದುಕು. ಮನುಷ್ಯರು, ದನಕರುಗಳು, ಮನೆಗಳು ಎಲ್ಲವೂ ನಿಜವಾದ ಅಳತೆಯಲ್ಲಿ ಬಣ್ಣದ ಶಿಲ್ಪಗಳಾಗಿ ನಿಂತಿವೆ. ಹೊಲದ ಕೆಲಸ, ಕುಲಕಸುಬುಗಳು, ಸಂತೆ, ಮನೆಗೆಲಸ, ಹಬ್ಬ ಮತ್ತು ಕುಣಿತಗಳನ್ನು ಇಲ್ಲಿ ಕಾಣಬಹುದು. ಡಾ. ರಾಜಕುಮಾರ್ ಅವರು ಚಲನಚಿತ್ರಗಳಲ್ಲಿ ನಿರ್ವಹಿಸಿದ ಪಾತ್ರಗಳ ಶಿಲ್ಪಗಳಿಗೆ ಮೀಸಲಾದ ವೃತ್ತವೂ ಇದ್ದು, ಅಜ್ಜ ಅಜ್ಜಿಯರು ಹೆಚ್ಚು ಹೊತ್ತು ನಿಲ್ಲುವುದು ಸಾಮಾನ್ಯವಾಗಿ ಅಲ್ಲಿಯೇ. ಜಾನಪದ ಅಧ್ಯಯನಕ್ಕಾಗಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೇ ಗೊಟಗೋಡಿಯಲ್ಲಿದೆ.

ವೇಗದ ಯಂತ್ರಗಳ ಉದ್ಯಾನಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಶಿಲ್ಪಗಳನ್ನು ನೋಡಲು ಎತ್ತರದ ನಿಯಮವಿಲ್ಲ, ಸರದಿ ಸಾಲಿಲ್ಲ. ಮೂರು ವರ್ಷದ ಮಗು, ತಾಯಿ ಮತ್ತು ಅಜ್ಜಿ ಒಂದೇ ವಸ್ತುವಿನ ಮುಂದೆ ನಿಂತು ಮಾತನಾಡಬಹುದು. ಅಪಾರ್ಟ್‌ಮೆಂಟಿನಲ್ಲಿ ಅಥವಾ ಕಾರ್ಖಾನೆಯ ವಸತಿಗೃಹದಲ್ಲಿ ಬೆಳೆಯುತ್ತಿರುವ ಮಗು ನೇಗಿಲು, ಕೂರಿಗೆ, ಕುಂಟೆಗಳನ್ನು ಹೆಸರಿನಿಂದ ಕೂಡ ಅರಿಯದಿರಬಹುದು. ಮನೆಯ ಹಿರಿಯರು ಇವುಗಳನ್ನು ಕೈಯಾರೆ ಬಳಸಿದವರಾಗಿದ್ದಲ್ಲಿ ಅವರಿಗಿಂತ ಉತ್ತಮ ಮಾರ್ಗದರ್ಶಕರು ಬೇರೆ ದೊರೆಯಲಾರರು. ಆದುದರಿಂದ ನಡೆಯಲು ಶಕ್ತರಾದ ಹಿರಿಯರನ್ನು ಜೊತೆಗೆ ಕರೆದೊಯ್ಯುವುದು ಅಪೇಕ್ಷಣೀಯ.

ದಿನ ಮತ್ತು ವೇಳೆಯ ನಿರ್ಧಾರ

ನವೆಂಬರ್ ಮಧ್ಯಭಾಗದಿಂದ ಫೆಬ್ರವರಿ ಅಂತ್ಯದವರೆಗಿನ ಅವಧಿ ಅತ್ಯಂತ ಅನುಕೂಲಕರ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಯಲಿನಲ್ಲಿರುವ ಶಿಲ್ಪಗಳ ನಡುವೆ ಮಧ್ಯಾಹ್ನ ತಿರುಗಾಡುವುದು ಚಿಕ್ಕ ಮಕ್ಕಳಿಗೆ ಅಪಾಯಕರ. ಬೇಸಿಗೆ ರಜೆಯಲ್ಲಿಯೇ ಹೋಗಬೇಕಾದಲ್ಲಿ ಹನ್ನೊಂದೂವರೆ ಗಂಟೆಯೊಳಗೆ ಬಯಲಿನ ವೀಕ್ಷಣೆ ಮುಗಿಸತಕ್ಕದ್ದು. ಇನ್ನೂ ಶಾಲೆಗೆ ಸೇರದ ಮಕ್ಕಳು ಮಾತ್ರ ಇರುವ ಮನೆಯವರು ಭಾನುವಾರವನ್ನು ಬಿಟ್ಟು ವಾರದ ನಡುವಿನ ದಿನವನ್ನು ಆರಿಸಿಕೊಳ್ಳಬಹುದು. ಆದರೆ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳು ವಾರದ ದಿನಗಳಲ್ಲಿಯೂ ಬರುತ್ತವೆ ಎಂಬುದನ್ನು ಗಮನದಲ್ಲಿಡಬೇಕು. ಪ್ರವೇಶದ ವೇಳೆ ಮತ್ತು ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಹಿಂದಿನ ದಿನ ದೂರವಾಣಿಯ ಮೂಲಕ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ಮತ್ತು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ರೆ ಬೇಕು. ಹಗಲಿನ ನಿದ್ರೆಯೂ ಈ ಲೆಕ್ಕದಲ್ಲಿ ಸೇರಿರುತ್ತದೆ. ನಸುಕಿನ ನಾಲ್ಕು ಗಂಟೆಗೆ ಮಗುವನ್ನು ಎಬ್ಬಿಸಿ ಹೊರಟರೆ ಉಳಿತಾಯವಾಗುವ ಎರಡು ಗಂಟೆಯನ್ನು ಮಗು ಹಗಲಿನಲ್ಲಿ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಮಗು ತಾನಾಗಿ ಏಳುವ ವೇಳೆಗೆ ಎದ್ದು, ಏಳೂವರೆಯ ಸುಮಾರಿಗೆ ಹೊರಟು ಹತ್ತು ಗಂಟೆಗೆ ತಲುಪುವುದು, ಹನ್ನೆರಡೂವರೆಯವರೆಗೆ ನೋಡುವುದು, ಊಟ ಮಾಡಿಸಿ ಒಂದು ಗಂಟೆ ನೆರಳಿನಲ್ಲಿ ಮಲಗಿಸುವುದು, ಎಚ್ಚರವಾದ ನಂತರ ಮಗು ಬಯಸಿದ್ದನ್ನು ಮತ್ತೊಮ್ಮೆ ತೋರಿಸಿ ಮೂರೂವರೆಗೆ ಹೊರಡುವುದು ಸಮರ್ಪಕವಾದ ಕ್ರಮ. ಹೀಗೆ ಮಾಡಿದಲ್ಲಿ ಕತ್ತಲಾಗುವ ಮುನ್ನ ತುಂಗಭದ್ರೆಯನ್ನು ದಾಟಿ ಮನೆ ಸೇರಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಶಿಗ್ಗಾವಿ ತಾಲ್ಲೂಕು ನೋಡತಕ್ಕ ಸ್ಥಳಗಳಿಂದ ತುಂಬಿದೆ. ಕನಕದಾಸರ ಜನ್ಮಸ್ಥಳ ಬಾಡ, ಸಂತ ಶರೀಫರ ಶಿಶುನಾಳ, ನವಿಲುಗಳಿರುವ ಬಂಕಾಪುರದ ಕೋಟೆ ಮತ್ತು ಅದರೊಳಗಿನ ನಗರೇಶ್ವರ ದೇವಾಲಯ ಇವೆಲ್ಲ ಈ ಭಾಗದಲ್ಲಿಯೇ ಇವೆ. ‘ಇಷ್ಟು ದೂರ ಬಂದಿದ್ದೇವೆ, ಅದನ್ನೂ ಮುಗಿಸಿಬಿಡೋಣ’ ಎಂಬ ಮಾತು ಊಟದ ನಂತರ ಯಾರಾದರೊಬ್ಬರ ಬಾಯಿಂದ ಬಂದೇ ಬರುತ್ತದೆ. ಎಳೆಯ ಮಕ್ಕಳು ಜೊತೆಗಿರುವಾಗ ಈ ಮಾತಿಗೆ ಒಪ್ಪಬಾರದು. ಆ ಸ್ಥಳಗಳು ಮುಂದಿನ ವರ್ಷವೂ ಅಲ್ಲಿಯೇ ಇರುತ್ತವೆ.

ಪ್ರಯಾಣ

ಹರಿಹರವನ್ನು ಬಿಟ್ಟು ತುಂಗಭದ್ರಾ ನದಿಯನ್ನು ದಾಟಿದೊಡನೆ ಹಾವೇರಿ ಜಿಲ್ಲೆ ಆರಂಭವಾಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ನದಿಯ ಇತ್ತ ದಡ ಮೈಸೂರು ರಾಜ್ಯ, ಅತ್ತ ದಡ ಮುಂಬಯಿ ರಾಜ್ಯವಾಗಿತ್ತು. ಐದಾರು ವರ್ಷದ ಮಕ್ಕಳಿಗೆ ಸೇತುವೆಯ ಮೇಲೆ ಈ ಸಂಗತಿಯನ್ನು ಹೇಳಿದರೆ ಮುಂದಿನ ಅರ್ಧ ಗಂಟೆಯ ಪ್ರಶ್ನೆಗಳಿಗೆ ಬರವಿರುವುದಿಲ್ಲ. ಅಲ್ಲಿಂದ ರಾಣೆಬೆನ್ನೂರು, ಹಾವೇರಿ, ಬಂಕಾಪುರ, ಶಿಗ್ಗಾವಿ ಮಾರ್ಗವಾಗಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿಯೇ ಸಾಗಬೇಕು. ಹಿಂದೆ ಇದು ಹೆದ್ದಾರಿ 4 ಎಂದು ಪ್ರಸಿದ್ಧವಾಗಿತ್ತು. ದಾರಿಯಲ್ಲಿ ಸುಂಕದ ಕಟ್ಟೆಗಳಿರುವುದರಿಂದ ವಾಹನದ ಫಾಸ್ಟ್‌ಟ್ಯಾಗ್‌ನಲ್ಲಿ ಸಾಕಷ್ಟು ಹಣವಿರುವುದನ್ನು ಮುಂಚಿತವಾಗಿ ನೋಡಿಕೊಳ್ಳತಕ್ಕದ್ದು.

ಕಾರಿನಲ್ಲಿ ಮಗುವನ್ನು ಮುಂದಿನ ಆಸನದಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವ ಅಭ್ಯಾಸ ವ್ಯಾಪಕವಾಗಿದೆ. ಹಠಾತ್ತನೆ ಬ್ರೇಕ್ ಹಾಕಿದಾಗ ಹತ್ತು ಕಿಲೋ ತೂಕದ ಮಗುವನ್ನು ಯಾವ ತಾಯಿಯ ಕೈಗಳೂ ಹಿಡಿದಿಡಲಾರವು. ಗಾಳಿಚೀಲ ತೆರೆದುಕೊಂಡಲ್ಲಿ ಅದರ ಹೊಡೆತ ಮೊದಲು ಬೀಳುವುದು ಮಗುವಿನ ಮೇಲೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ, ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷತಾ ಆಸನದ ರಕ್ಷಣೆ ಇಲ್ಲದೆ ವಾಹನ ಚಲಾಯಿಸಿದಲ್ಲಿ ಒಂದು ಸಾವಿರ ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಮಕ್ಕಳನ್ನು ಹಿಂದಿನ ಆಸನದಲ್ಲಿಯೇ ಕೂರಿಸಿ, ಹಿಂದಿನ ಬಾಗಿಲುಗಳಿಗೆ ಇರುವ ಮಕ್ಕಳ ಬೀಗವನ್ನು ಹಾಕಬೇಕು.

ದ್ವಿಚಕ್ರ ವಾಹನದಲ್ಲಿ ಗಂಡ ಹೆಂಡತಿ ಮತ್ತು ಎರಡು ಮಕ್ಕಳು ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಸಾಗುವುದನ್ನು ಯಾವ ಸಂದರ್ಭದಲ್ಲಿಯೂ ಸಮರ್ಥಿಸಲಾಗದು. 2023ರ ಫೆಬ್ರವರಿ 15ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮದಂತೆ ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಕರೆದೊಯ್ಯುವಾಗ ಮಗುವನ್ನು ಚಾಲಕನಿಗೆ ಬಿಗಿಯುವ ಸುರಕ್ಷತಾ ಪಟ್ಟಿ ಇರಬೇಕು, ಒಂಬತ್ತು ತಿಂಗಳು ಮೀರಿದ ಮಗುವಿಗೆ ಅಳತೆಗೆ ತಕ್ಕ ಹೆಲ್ಮೆಟ್ ಇರಬೇಕು ಮತ್ತು ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ನಲವತ್ತರ ವೇಗದಲ್ಲಿ ಈ ಹೆದ್ದಾರಿಯಲ್ಲಿ, ಲಾರಿಗಳ ನಡುವೆ, ಎರಡೂವರೆ ಗಂಟೆ ಸಾಗುವುದೆಂದರೆ ಏನೆಂಬುದನ್ನು ಈ ಭಾಗದವರಿಗೆ ವಿವರಿಸುವ ಅಗತ್ಯವಿಲ್ಲ.

ಸ್ವಂತ ಕಾರಿಲ್ಲದವರಿಗೆ ಬಸ್ಸು ಉತ್ತಮ. ದಾವಣಗೆರೆ, ಹರಿಹರಗಳಿಂದ ಹುಬ್ಬಳ್ಳಿಯ ಕಡೆಗೆ ಸಾರಿಗೆ ಸಂಸ್ಥೆಯ ಬಸ್ಸುಗಳು ಸಂಚರಿಸುತ್ತವೆ. ಶಿಗ್ಗಾವಿಯಲ್ಲಿ ನಿಲುಗಡೆ ಇದೆಯೇ ಎಂದು ಹತ್ತುವ ಮುನ್ನವೇ ನಿರ್ವಾಹಕರನ್ನು ವಿಚಾರಿಸಿ, ಶಿಗ್ಗಾವಿ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಆಟೋ ಅಥವಾ ಸ್ಥಳೀಯ ಬಸ್ಸಿನಲ್ಲಿ ಗೊಟಗೋಡಿ ತಲುಪಬಹುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಸೌಲಭ್ಯವಿದ್ದು, ವಿಳಾಸವಿರುವ ಗುರುತಿನ ಚೀಟಿಯನ್ನು ಜೊತೆಗಿಟ್ಟುಕೊಳ್ಳಬೇಕು.

ಬಸ್ಸಿನಲ್ಲಿ ಹೋಗುವವರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಉದ್ಯಾನ ಹೆದ್ದಾರಿಯ ಒಂದು ಬದಿಯಲ್ಲಿರುವುದರಿಂದ, ಹೋಗುವಾಗ ಅಥವಾ ಬರುವಾಗ ಯಾವುದಾದರೂ ಒಂದು ಸಲ ಬಸ್ಸು ಎದುರು ಬದಿಯಲ್ಲಿ ನಿಲ್ಲುತ್ತದೆ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಇನ್ನೊಂದರ ಕೈ ಹಿಡಿದು, ನಡುವಿನ ತಡೆಗೋಡೆಯನ್ನು ದಾಟಲು ಯಾರೂ ಯತ್ನಿಸಕೂಡದು. ಸ್ವಲ್ಪ ದೂರವಾದರೂ ಕೆಳಸೇತುವೆ ಇರುವಲ್ಲಿಯೇ ದಾಟಬೇಕು, ಇಲ್ಲವೇ ಆಟೋದಲ್ಲಿ ಶಿಗ್ಗಾವಿ ನಿಲ್ದಾಣಕ್ಕೆ ಮರಳಿ ಅಲ್ಲಿಂದಲೇ ಬಸ್ಸು ಹತ್ತಬೇಕು.

ಆಹಾರ ಮತ್ತು ನೀರು

ದಾವಣಗೆರೆಯ ಬೆಣ್ಣೆ ದೋಸೆಯನ್ನು ಹೊಟ್ಟೆ ತುಂಬ ತಿನ್ನಿಸಿ ಮಗುವನ್ನು ಕಾರಿಗೆ ಹತ್ತಿಸುವುದು ವಾಂತಿಗೆ ಆಹ್ವಾನ. ಪ್ರಯಾಣದಲ್ಲಿ ವಾಂತಿಯಾಗುವ ತೊಂದರೆ ಎರಡು ವರ್ಷ ಮೀರಿದ ಮಕ್ಕಳಲ್ಲಿ ಹೆಚ್ಚು. ಹೊರಡುವ ಮುನ್ನ ಇಡ್ಲಿಯಂತಹ ಹಗುರವಾದ ತಿಂಡಿಯನ್ನು ಸ್ವಲ್ಪವೇ ಕೊಟ್ಟು, ಕಿಟಕಿಯ ಮೂಲಕ ದೂರದ ವಸ್ತುಗಳನ್ನು ನೋಡುವಂತೆ ಮಾಡಬೇಕು. ಚಲಿಸುವ ವಾಹನದಲ್ಲಿ ಮೊಬೈಲ್ ಪರದೆಯನ್ನು ನೋಡುತ್ತ ಕುಳಿತ ಮಗುವಿಗೆ ಹೊಟ್ಟೆ ತೊಳಸುವುದು ಬೇಗ.

ದಾರಿಯ ತಿಂಡಿಗೆ ಮಂಡಕ್ಕಿಯಂತಹ ಪದಾರ್ಥ ಬೇರೊಂದಿಲ್ಲ. ಅದು ಕೆಡುವುದಿಲ್ಲ, ಹೊಟ್ಟೆಗೆ ಭಾರವಲ್ಲ, ಈ ಭಾಗದ ಪ್ರತಿ ಮನೆಯಲ್ಲಿಯೂ ಇರುತ್ತದೆ. ಆದರೆ ಐದು ವರ್ಷದೊಳಗಿನ ಮಕ್ಕಳಿಗೆ ಕೊಡುವಾಗ ಅದರಲ್ಲಿರುವ ಶೇಂಗಾ ಮತ್ತು ಪುಟಾಣಿಯನ್ನು ಕಡ್ಡಾಯವಾಗಿ ಆರಿಸಿ ತೆಗೆಯತಕ್ಕದ್ದು. ಇಡೀ ಶೇಂಗಾ ಬೀಜ ಚಿಕ್ಕ ಮಕ್ಕಳ ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ವಸ್ತುಗಳಲ್ಲಿ ಪ್ರಮುಖವಾದುದು, ಮತ್ತು ಓಡುತ್ತಿರುವ ವಾಹನದಲ್ಲಿ ನಗುತ್ತ, ಕುಲುಕುತ್ತ ತಿನ್ನುವಾಗ ಈ ಅಪಾಯ ಹೆಚ್ಚುತ್ತದೆ. ಮಧ್ಯಾಹ್ನಕ್ಕೆ ಚಪಾತಿ ಮತ್ತು ಪಲ್ಯ, ಬಾಳೆಹಣ್ಣು ಸಾಕು. ಬೇಸಿಗೆಯಲ್ಲಿ ಬೆಳಿಗ್ಗೆ ಕಲೆಸಿದ ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿಯುವುದರಿಂದ ಅನ್ನ ಮತ್ತು ಮೊಸರನ್ನು ಬೇರೆ ಬೇರೆಯಾಗಿಯೇ ಒಯ್ಯಬೇಕು. ಹೊರಗಿನ ಆಹಾರವನ್ನು ಒಳಗೆ ಬಿಡುವ ಬಗ್ಗೆ ಉದ್ಯಾನಗಳ ನಿಯಮಗಳು ಭಿನ್ನವಾಗಿರುವುದರಿಂದ ಇದನ್ನೂ ಮುಂಚಿತವಾಗಿ ಕೇಳಿ ತಿಳಿಯುವುದು ಸೂಕ್ತ.

ಪ್ರಪಂಚದ ಅತ್ಯಂತ ಪ್ರಸಿದ್ಧ ಥೀಮ್ ಪಾರ್ಕ್ ಆದ ಅಮೆರಿಕದ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ಸುಡುಬಿಸಿಲಿನಲ್ಲಿ ಆರಂಭವಾದಾಗ, ಕೊಳಾಯಿ ಕೆಲಸಗಾರರ ಮುಷ್ಕರದ ಕಾರಣ ಕುಡಿಯುವ ನೀರಿನ ನಲ್ಲಿಗಳು ಸರಿಯಾಗಿ ಸಿದ್ಧವಾಗಿರಲಿಲ್ಲ. ಕೋಟ್ಯಂತರ ವೆಚ್ಚದ ಆಟಗಳ ನಡುವೆ ಜನರು ನೀರಿಗಾಗಿ ಹುಡುಕಾಡಬೇಕಾಯಿತು. ನೀರಿನ ವಿಷಯದಲ್ಲಿ ಯಾವ ಉದ್ಯಾನವನ್ನೂ ಸಂಪೂರ್ಣವಾಗಿ ನಂಬಿ ಹೋಗಬಾರದು. ಕಾಯಿಸಿ ಆರಿಸಿದ ನೀರನ್ನು ಮನೆಯಿಂದಲೇ ಒಯ್ದು, ಮಗು ಕೇಳುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ಕೆಲವು ಗುಟುಕು ಕುಡಿಸಬೇಕು. ಆಟದಲ್ಲಿ ಮುಳುಗಿದ ಮಗುವಿಗೆ ಬಾಯಾರಿಕೆ ನೆನಪಾಗುವುದಿಲ್ಲ. ಆರು ತಿಂಗಳೊಳಗಿನ ಶಿಶುವಿಗೆ ಬಿಸಿಲಿನ ದಿನವಾದರೂ ನೀರು ಕೊಡುವಂತಿಲ್ಲ, ತಾಯಿಯ ಹಾಲನ್ನೇ ಹೆಚ್ಚು ಸಲ ಉಣಿಸಬೇಕು. ಮಗುವಿಗೆ ಐದಾರು ಗಂಟೆಯವರೆಗೆ ಮೂತ್ರವಾಗದಿದ್ದಲ್ಲಿ, ತುಟಿ ಒಣಗಿದ್ದಲ್ಲಿ, ಅತ್ತರೂ ಕಣ್ಣೀರು ಬಾರದಿದ್ದಲ್ಲಿ ಅಥವಾ ಮಗು ಮಂಕಾಗಿದ್ದಲ್ಲಿ ಅದು ದೇಹದಲ್ಲಿ ನೀರು ಕಡಿಮೆಯಾದ ಲಕ್ಷಣ. ಇಂತಹ ಸಂದರ್ಭಕ್ಕಾಗಿ ಎರಡು ಓಆರ್‌ಎಸ್ ಪೊಟ್ಟಣಗಳು ಚೀಲದಲ್ಲಿರಲಿ. ಪೊಟ್ಟಣದ ಮೇಲೆ ನಮೂದಿಸಿರುವ ಪ್ರಮಾಣದ ನೀರಿನಲ್ಲಿಯೇ ಅದನ್ನು ಕರಗಿಸಬೇಕು, ಅರ್ಧ ಪೊಟ್ಟಣ ಒಂದು ಲೋಟ ಎಂಬ ಅಂದಾಜು ಸಲ್ಲದು. ಮಂಕು ಹೆಚ್ಚಾದಲ್ಲಿ ಮನೆಗೆ ಮರಳುವವರೆಗೆ ಕಾಯದೆ ಶಿಗ್ಗಾವಿಯ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಉದ್ಯಾನದ ಒಳಗೆ

ಒಳಗೆ ಪ್ರವೇಶಿಸಿದ ಕೂಡಲೇ ಮೊದಲು ಮಾಡಬೇಕಾದ ಕೆಲಸ ಶೌಚಾಲಯ, ನೀರು ಮತ್ತು ನೆರಳಿನ ಜಾಗಗಳನ್ನು ಗುರುತಿಸಿಕೊಳ್ಳುವುದು. ಶಿಲ್ಪಗಳ ವೀಕ್ಷಣೆ ಅನಂತರ.

ಎರಡು ಮೂರು ವರ್ಷದ ಕೆಲವು ಮಕ್ಕಳು ಇಲ್ಲಿನ ಶಿಲ್ಪಗಳನ್ನು ಕಂಡು ಹೆದರುವುದುಂಟು. ಮನುಷ್ಯನಂತೆಯೇ ಇದ್ದು, ಮಾತನಾಡದ, ಕಣ್ಣು ಮಿಟುಕಿಸದ ಆಕೃತಿ ಆ ವಯಸ್ಸಿನ ಮಗುವಿಗೆ ಬಗೆಹರಿಯದ ಒಗಟು. ಅಂತಹ ಮಗುವನ್ನು ಶಿಲ್ಪದ ಪಕ್ಕದಲ್ಲಿ ಬಲವಂತವಾಗಿ ನಿಲ್ಲಿಸಿ ಛಾಯಾಚಿತ್ರ ತೆಗೆಯುವುದು ಬೇಡ. ದನಕರುಗಳ ಶಿಲ್ಪಗಳಿಂದ ಆರಂಭಿಸಿ, ತಂದೆ ಅಥವಾ ತಾಯಿ ತಾವೇ ಹತ್ತಿರ ಹೋಗಿ ನಿಂತು ತೋರಿಸಿದಲ್ಲಿ ಬಹುತೇಕ ಮಕ್ಕಳು ಸ್ವಲ್ಪ ಹೊತ್ತಿನಲ್ಲಿಯೇ ಧೈರ್ಯ ತಾಳುತ್ತಾರೆ. ಶಿಲ್ಪಗಳ ಮೇಲೆ ಹತ್ತುವುದು, ಜೋತುಬೀಳುವುದು ಕಲಾಕೃತಿಗೂ ಮಗುವಿಗೂ ಹಾನಿಕರವಾದುದರಿಂದ ಅದಕ್ಕೆ ಅವಕಾಶ ಕೊಡಬಾರದು.

ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಹಟ ದೊಡ್ಡವರದು, ಮಕ್ಕಳದ್ದಲ್ಲ. ನಾಲ್ಕು ವರ್ಷದ ಮಗುವಿಗೆ ಒಂದು ಎತ್ತಿನ ಶಿಲ್ಪವೇ ಅರ್ಧ ಗಂಟೆಗೆ ಸಾಕಾಗಬಹುದು. ಅದರ ಕೊಂಬನ್ನು ನೋಡಿ, ಸುತ್ತು ಹಾಕಿ, ಅದು ಏಕೆ ಮೇಯುತ್ತಿಲ್ಲ ಎಂದು ಕೇಳಿ, ಮುಂದೆ ಹೋಗಿ, ಮತ್ತೆ ಅಲ್ಲಿಗೇ ಬರುತ್ತದೆ. ಕೊಟ್ಟ ಹಣಕ್ಕೆ ಇದು ನಷ್ಟವಲ್ಲ. ಐದರಿಂದ ಎಂಟು ವರ್ಷದ ಮಕ್ಕಳಿಗೆ ಚಿಕ್ಕ ಕೆಲಸವೊಂದನ್ನು ಕೊಡಬಹುದು. ‘ಇಲ್ಲಿ ನಮ್ಮ ಮನೆಯಲ್ಲಿಯೂ ಇರುವ ಐದು ವಸ್ತುಗಳನ್ನು ಹುಡುಕು’ ಎಂದರೆ ಅವರು ದೊಡ್ಡವರಿಗಿಂತ ಸೂಕ್ಷ್ಮವಾಗಿ ನೋಡುತ್ತಾರೆ.

ದೋಣಿವಿಹಾರದ ವಿಷಯದಲ್ಲಿ ಯಾವುದೇ ರಿಯಾಯಿತಿ ಸಲ್ಲದು. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮಕ್ಕಳ ದೋಣಿ ಮಗುಚಿ 12 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಮೃತಪಟ್ಟರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರು, ಎಲ್ಲರಿಗೂ ಜೀವರಕ್ಷಕ ಕವಚಗಳಿರಲಿಲ್ಲ. ಯಾವುದೇ ಉದ್ಯಾನದಲ್ಲಿ ಮಗುವಿನ ಅಳತೆಗೆ ಸರಿಹೊಂದುವ ಕವಚ ಇಲ್ಲದಿದ್ದಲ್ಲಿ, ಸಿಬ್ಬಂದಿ ‘ಏನೂ ಆಗುವುದಿಲ್ಲ’ ಎಂದು ಹೇಳಿದರೂ, ದೋಣಿ ಹತ್ತಿಸಬಾರದು. ದೊಡ್ಡವರ ಕವಚವನ್ನು ತೊಡಿಸಿದರೆ ನೀರಿನಲ್ಲಿ ಅದು ತಲೆಯಿಂದ ಮೇಲೆ ಕಳಚಿಕೊಳ್ಳುತ್ತದೆ.

ಮಗು ಕಣ್ಮರೆಯಾದಲ್ಲಿ

ಗೊಟಗೋಡಿಯ ಉದ್ಯಾನಕ್ಕೆ ಈ ವಿಷಯದಲ್ಲಿ ತನ್ನದೇ ಆದ ಒಂದು ಸಮಸ್ಯೆ ಇದೆ. ಎಲ್ಲೆಡೆ ಆಳೆತ್ತರದ ಮನುಷ್ಯಾಕೃತಿಗಳಿರುವುದರಿಂದ, ಗಾಬರಿಯಲ್ಲಿ ದೂರದಿಂದ ನೋಡುವಾಗ ಜೀವಂತ ಮಗು ಯಾವುದು, ಶಿಲ್ಪ ಯಾವುದು ಎಂಬುದು ಕ್ಷಣಮಾತ್ರಕ್ಕೆ ತಿಳಿಯದೆ ಹೋಗಬಹುದು. ಆದಕಾರಣ ಮಗುವಿಗೆ ದೂರಕ್ಕೆ ಎದ್ದು ಕಾಣುವ ಒಂದೇ ಗಾಢ ಬಣ್ಣದ ಅಂಗಿ ಅಥವಾ ಟೋಪಿ ಹಾಕಬೇಕು. ಬೆಳಿಗ್ಗೆ ಹೊರಡುವಾಗಲೇ ಅಂದಿನ ಉಡುಪಿನಲ್ಲಿ ಮಗುವಿನ ಒಂದು ಛಾಯಾಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡರೆ, ಹುಡುಕುವ ವೇಳೆ ಕಾವಲುಗಾರರಿಗೆ ತೋರಿಸಲು ನೆರವಾಗುತ್ತದೆ. ಪೋಷಕರ ದೂರವಾಣಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಗುವಿನ ಕಿಸೆಯೊಳಗೆ ಪಿನ್ನು ಮಾಡಬೇಕು. ಸಂಖ್ಯೆ ಸಾಕು. ಮಗುವಿನ ಹೆಸರನ್ನು ಹೊರಗೆ ಕಾಣುವಂತೆ ಬರೆದರೆ ಅಪರಿಚಿತರು ಪರಿಚಿತರಂತೆ ಕರೆಯಲು ಅವಕಾಶವಾಗುತ್ತದೆ.

ದೊಡ್ಡ ಕುಟುಂಬ ಒಟ್ಟಾಗಿ ಹೋದಾಗ ಮಗು ಕಳೆದುಹೋಗುವ ಸಂಭವ ಹೆಚ್ಚು. ಮಗು ಅತ್ತೆಯ ಬಳಿ ಇದೆ ಎಂದು ತಾಯಿ, ಅಜ್ಜನ ಬಳಿ ಇದೆ ಎಂದು ಅತ್ತೆ ಭಾವಿಸಿರುತ್ತಾರೆ. ಆದುದರಿಂದ ಪ್ರತಿ ಮಗುವಿಗೆ ಒಬ್ಬರು ಹೊಣೆಗಾರರನ್ನು ನಿಗದಿಪಡಿಸಿ, ಹೊಣೆಯನ್ನು ಬೇರೆಯವರಿಗೆ ವಹಿಸುವಾಗ ಬಾಯಿಬಿಟ್ಟು ಹೇಳತಕ್ಕದ್ದು. ನಾಲ್ಕು ವರ್ಷ ಮೀರಿದ ಮಗುವಿಗೆ ‘ನಾವು ಕಾಣದಿದ್ದರೆ ಓಡಬೇಡ, ನಿಂತಲ್ಲಿಯೇ ನಿಂತು ಜೋರಾಗಿ ಕರೆ’ ಎಂದು ಮನೆಯಲ್ಲಿಯೇ ಎರಡು ಮೂರು ಸಲ ಆಟದ ರೂಪದಲ್ಲಿ ಅಭ್ಯಾಸ ಮಾಡಿಸಬೇಕು. ಮಗು ಕಾಣದಿದ್ದಲ್ಲಿ ಒಬ್ಬರು ತಕ್ಷಣ ಮುಖ್ಯದ್ವಾರಕ್ಕೆ ಧಾವಿಸಿ ಕಾವಲುಗಾರರಿಗೆ ತಿಳಿಸಬೇಕು, ಏಕೆಂದರೆ ದ್ವಾರದ ಆಚೆ ಇರುವುದು ಹೆದ್ದಾರಿ. ಇನ್ನೊಬ್ಬರು ಮಗುವನ್ನು ಕೊನೆಯದಾಗಿ ಕಂಡ ಸ್ಥಳವನ್ನು ಬಿಡದೆ ನಿಲ್ಲಬೇಕು. ಉಳಿದವರು ನೀರಿರುವ ಕಡೆಯಿಂದ ಹುಡುಕಾಟ ಆರಂಭಿಸಬೇಕು. ಮಗು ದೊರೆತ ಮೇಲೆ ಬೈಯುವುದು, ಹೊಡೆಯುವುದು ಬೇಡ. ಹೊಡೆತ ತಿಂದ ಮಗು ಮುಂದಿನ ಸಲ ಕರೆಯುವ ಬದಲು ಅಡಗಿಕೊಳ್ಳುತ್ತದೆ.

ಖರ್ಚು

ಪ್ರವೇಶ, ಇಂಧನ ಅಥವಾ ಬಸ್ ದರ, ಸುಂಕ ಇವುಗಳನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಲೆಕ್ಕ ತಪ್ಪುವುದು ದ್ವಾರದ ಬಳಿಯ ಆಟಿಕೆ ಮತ್ತು ಐಸ್‌ಕ್ರೀಮ್ ಅಂಗಡಿಗಳಲ್ಲಿ. ‘ಒಂದು ವಸ್ತು, ಅದೂ ಹೊರಡುವಾಗ’ ಎಂದು ಮನೆಯಲ್ಲಿಯೇ ತಿಳಿಸಿ, ಅದಕ್ಕೆಂದು ಸಣ್ಣ ಮೊತ್ತವನ್ನು ಮಗುವಿನ ಕೈಯಲ್ಲಿಯೇ ಕೊಟ್ಟರೆ ಹಟ ಕಡಿಮೆಯಾಗುತ್ತದೆ.

ಹಿಂದಿರುಗುವಾಗ

ಮರಳುವ ದಾರಿಯಲ್ಲಿ ಮಕ್ಕಳು ನಿದ್ರಿಸುತ್ತಾರೆ, ಚಾಲಕರಿಗೂ ನಿದ್ರೆ ಎಳೆಯುತ್ತದೆ. ಊಟದ ನಂತರ ಮಗುವಿನೊಂದಿಗೆ ಚಾಲಕರೂ ಅರ್ಧ ಗಂಟೆ ಮಲಗುವುದು ಇದಕ್ಕೆ ಪರಿಹಾರ. ಹಾವೇರಿ ಅಥವಾ ರಾಣೆಬೆನ್ನೂರಿನಲ್ಲಿ ಒಮ್ಮೆ ನಿಲ್ಲಿಸಿ, ಮಕ್ಕಳನ್ನು ಎಬ್ಬಿಸಿ ಶೌಚಾಲಯಕ್ಕೆ ಕರೆದೊಯ್ದು ನೀರು ಕುಡಿಸಬೇಕು. ನಿದ್ರಿಸುತ್ತಿರುವ ಮಗುವನ್ನು ನಿಲ್ಲಿಸಿದ ಕಾರಿನಲ್ಲಿ ಒಂಟಿಯಾಗಿ ಬಿಟ್ಟು, ‘ಎರಡು ನಿಮಿಷ’ ಎಂದು ದೊಡ್ಡವರು ಚಹಾಕ್ಕೆ ಹೋಗಕೂಡದು. ಬಿಸಿಲಿನಲ್ಲಿ ಮುಚ್ಚಿದ ಕಾರಿನ ಒಳಗಿನ ಉಷ್ಣತೆ ಕೆಲವೇ ನಿಮಿಷಗಳಲ್ಲಿ ಅಪಾಯದ ಮಟ್ಟಕ್ಕೆ ಏರುತ್ತದೆ, ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ.

ಪ್ರವಾಸದ ಮರುದಿನ ಮಗುವನ್ನು ಶಾಲೆಗೆ ಅಥವಾ ಅಂಗನವಾಡಿಗೆ ಎಂದಿನಂತೆ ಕಳುಹಿಸಬಹುದು. ಆದರೆ ಹಿಂದಿನ ರಾತ್ರಿ ಒಂದು ಗಂಟೆ ಮುಂಚಿತವಾಗಿ ಮಲಗಿಸಬೇಕು. ಎರಡು ದಿನಗಳೊಳಗೆ ಜ್ವರ, ಭೇದಿ ಅಥವಾ ವಾಂತಿ ಕಾಣಿಸಿಕೊಂಡಲ್ಲಿ ಸಮೀಪದ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಹೊರಗೆ ಸೇವಿಸಿದ ಆಹಾರ ಮತ್ತು ನೀರಿನ ವಿವರವನ್ನು ವೈದ್ಯರಿಗೆ ತಿಳಿಸತಕ್ಕದ್ದು.

ತುರ್ತು ಸಂದರ್ಭಗಳಲ್ಲಿ ಆಂಬುಲೆನ್ಸ್‌ಗಾಗಿ 108, ಪೊಲೀಸ್ ಹಾಗೂ ಇತರ ತುರ್ತು ನೆರವಿಗಾಗಿ 112, ಕಾಣೆಯಾದ ಅಥವಾ ಸಂಕಷ್ಟದಲ್ಲಿರುವ ಮಕ್ಕಳಿಗಾಗಿ 1098 ಸಂಖ್ಯೆಗಳಿಗೆ ಉಚಿತವಾಗಿ ಕರೆ ಮಾಡಬಹುದಾಗಿದೆ. ಹೆದ್ದಾರಿಯಿಂದ ಕರೆ ಮಾಡುವಾಗ ಸಮೀಪದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಮತ್ತು ಸಾಗುತ್ತಿರುವ ದಿಕ್ಕನ್ನು ಮೊದಲು ಹೇಳಬೇಕು.